ಗುಡ್ಡ ಜಾರಿಸುವ ವಿಧಾನ: ಬಳಕೆದಾರರ ಕೈಪಿಡಿ



ಗುಡ್ಡದ ಒಡೆತನಕ್ಕೆ ಅಭಿನಂದನೆಗಳು. ಈ ಗುಡ್ಡ ನಿಮಗೆ ರಸ್ತೆ ಅಗಲೀಕರಣದ ಗುತ್ತಿಗೆಯಲ್ಲಿ ಸಿಕ್ಕಿರಬಹುದು, ಹೋಂಸ್ಟೇ ಕಟ್ಟಲೆಂದು ಕೊಂಡಿರಬಹುದು, ಲೇಔಟ್ ಮಾಡಿ ಸೈಟ್ ಮಾರಲು ಹಿಡಿದಿರಬಹುದು, ಅಜ್ಜನ ಆಸ್ತಿ ಹಿಸ್ಸೆಯಾಗುವಾಗ ನಿಮ್ಮ ಪಾಲಿಗೆ ಬಂದಿರಬಹುದು. ಹೇಗೇ ಬಂದಿರಲಿ, ಹಿಟಾಚಿ ಹತ್ತಿಸುವ ಮೊದಲು ಈ ಕೈಪಿಡಿಯನ್ನು ಓದಿಕೊಳ್ಳಿ. ಓದದಿದ್ದರೂ ಗುಡ್ಡ ಜಾರುತ್ತದೆ. ಓದಿದರೆ ಯಾವ ತಿರುಪು ತಿರುಗಿಸಿದ್ದಕ್ಕೆ ಜಾರಿತು ಎಂಬುದು ಗೊತ್ತಿರುತ್ತದೆ; ತನಿಖೆಗೆ ಬಂದವರ ಮುಂದೆ ಏನು ಹೇಳಬಾರದು ಎಂಬುದೂ.

ಪಶ್ಚಿಮಘಟ್ಟದಲ್ಲಿ ಗುಡ್ಡವೆಂಬ ಈ ಸಾಧನದ ಬಳಕೆ ಚೆನ್ನಾಗಿ ನಡೆದಿದೆ. 2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಜೋಡುಪಾಲ, ಮದೆನಾಡು, ಮಕ್ಕಂದೂರು ಸುತ್ತಿನಲ್ಲಿ ಒಂದೇ ವಾರದೊಳಗೆ ಸಾಲುಸಾಲಾಗಿ ಗುಡ್ಡಗಳು ಜರಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು. ಅದಾಗಿ ಎರಡು ವಾರಕ್ಕೆ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ. ಪ್ರತಿ ಸಲವೂ ಕಡತದಲ್ಲಿ ‘ಪ್ರಕೃತಿ ವಿಕೋಪ’ ಎಂದು ದಾಖಲಾಗುತ್ತದೆ. ತಯಾರಕರಿಗೆ ಇದರಲ್ಲಿ ತಕರಾರಿದೆ. ಮಳೆ ಪ್ರಕೃತಿಯದು, ಒಪ್ಪಿದೆವು. ಸಾಧನದಲ್ಲಿ ಒಟ್ಟು ಐದು ತಿರುಪುಗಳಿವೆ. ಐದೂ ಮನುಷ್ಯನ ಕೈಗೆ ಎಟಕುವ ಎತ್ತರದಲ್ಲೇ ಇವೆ.

ಪೆಟ್ಟಿಗೆಯೊಳಗೆ ಏನಿದೆ

ಎಲ್ಲಕ್ಕಿಂತ ಕೆಳಗೆ ಗಟ್ಟಿ ಬಂಡೆ. ಅದರ ಮೇಲೆ ಕೊಳೆತ ಬಂಡೆ, ಅಂದರೆ ಲಕ್ಷಾಂತರ ವರ್ಷಗಳ ಮಳೆಬಿಸಿಲಿಗೆ ಮೆತ್ತಗಾದದ್ದು. ಕರಾವಳಿ ಕಡೆಯ ಮಾದರಿಗಳಲ್ಲಿ ಅದರ ಮೇಲೆ ಶೇಡಿಮಣ್ಣು, ಬಿಳಿ, ಕೆಲವೆಡೆ ನಸುಗೆಂಪು, ಹಳದಿ. ಅದರ ಮೇಲೆ ಚಿರೆಕಲ್ಲು. ಮಂಗಳೂರು ಕಡೆಯವರು ಮುರಕಲ್ಲು ಎಂದು ಓದಿಕೊಳ್ಳಬಹುದು. ಎಲ್ಲಕ್ಕಿಂತ ಮೇಲೆ ಒಂದೆರಡು ಮೊಳ ಮಣ್ಣು, ತರಗೆಲೆ, ಬೇರು. ಮೇಲಿನ ಚಿರೆಕಲ್ಲು ನೋಡಿ ಗುಡ್ಡ ಗಟ್ಟಿ ಎಂದುಕೊಳ್ಳುವವರೇ ಹೆಚ್ಚು. ಅದರಡಿಯ ಶೇಡಿ ಒಣಗಿದ್ದಾಗ ಉಗುರಿಗೂ ಜಗ್ಗುವುದಿಲ್ಲ. ನೀರು ಕುಡಿದರೆ ಅದೇ ಮಣ್ಣು ಬೆರಳ ಸಂದಿಯಲ್ಲಿ ಇಳಿದುಹೋಗುತ್ತದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಈ ಮಣ್ಣಿನ ಮೇಲೆ ಸಾಕಷ್ಟು ಸಂಶೋಧನೆ ಆಗಿದೆ. ರಸ್ತೆಗೆ ಗುಡ್ಡ ಕಡಿಯುವವರು ಅಲ್ಲಿಗೆ ಹೋಗಿ ಓದಿಕೊಂಡು ಬರಬೇಕೆಂಬ ನಿಯಮ ಮಾತ್ರ ಎಲ್ಲೂ ಇಲ್ಲ.

ಸಾಧನದಲ್ಲಿ ಒಂದು ಮುಳ್ಳೂ ಇದೆ, ಹೆಸರು ಸುರಕ್ಷಾ ಗುಣಾಂಕ. ಮಣ್ಣನ್ನು ಹಿಡಿದು ನಿಲ್ಲಿಸುವ ಬಲವನ್ನು ಅದನ್ನು ಕೆಳಗೆಳೆಯುವ ಬಲದಿಂದ ಭಾಗಿಸಿದರೆ ಬರುವ ಅಂಕಿ. ಒಂದಕ್ಕಿಂತ ಮೇಲಿದ್ದರೆ ಗುಡ್ಡ ನಿಂತಿರುತ್ತದೆ, ಕೆಳಗಿಳಿದರೆ ಹೊರಡುತ್ತದೆ. ಗ್ರಾಹಕರ ಮನಶ್ಶಾಂತಿಯ ದೃಷ್ಟಿಯಿಂದ ಈ ಮುಳ್ಳನ್ನು ಕಣ್ಣಿಗೆ ಕಾಣುವಂತೆ ಅಳವಡಿಸಿಲ್ಲ. ಲೆಕ್ಕ ಹಾಕಿಕೊಳ್ಳಬೇಕು.

ಒಂದು ಲೆಕ್ಕ ಹಾಕಿಯೇ ಬಿಡೋಣ. ಇಳಿಜಾರು 30 ಡಿಗ್ರಿ. ಜಾರಬಹುದಾದ ಮಣ್ಣಿನ ಪದರ 2 ಮೀಟರ್ ದಪ್ಪ. ಘನ ಮೀಟರಿಗೆ 18 ಕಿಲೋನ್ಯೂಟನ್ ತೂಕ. ಮಣ್ಣಿನ ಕಣಗಳು ಒಂದನ್ನೊಂದು ಅಂಟಿಕೊಂಡಿರುವ ಬಲ 4 ಕಿಲೋಪ್ಯಾಸ್ಕಲ್. ಎಂಜಿನಿಯರುಗಳು ಇದನ್ನು ‘ಸಿ’ ಎನ್ನುತ್ತಾರೆ. ಕಣಗಳು ಒಂದರ ಮೇಲೊಂದು ಉಜ್ಜುವಾಗಿನ ಒಳಘರ್ಷಣೆಯ ಕೋನ, ಅಂದರೆ ‘ಫೈ’, 30 ಡಿಗ್ರಿ. ನಮ್ಮ ಘಟ್ಟದ ಮಣ್ಣಿಗೆ ಇದೇನೂ ಅತಿರೇಕದ ಅಂಕಿಯಲ್ಲ. ಒಣ ಗುಡ್ಡದಲ್ಲಿ ಮುಳ್ಳು 1.26 ತೋರಿಸುತ್ತದೆ. ನೂರಾರು ವರ್ಷ ಕದಲದೆ ನಿಂತ ಗುಡ್ಡದ ಬಳಿ ಕೈಯಲ್ಲಿರುವ ಉಳಿತಾಯ ಅಷ್ಟೇ, ನಾಲ್ಕಾಣೆ ಚಿಲ್ಲರೆ. ಮುಂದಿನ ಪುಟಗಳಲ್ಲಿ ಆ ನಾಲ್ಕಾಣೆಯನ್ನು ಖರ್ಚು ಮಾಡುವ ವಿಧಾನಗಳಿವೆ.

ಒಂದನೇ ತಿರುಪು: ಇಳಿಜಾರು

ಎಲ್ಲಕ್ಕಿಂತ ಸುಲಭದ್ದು. ಬುಡದಲ್ಲಿ ಕಡಿಯಿರಿ. ಮೇಲಿನ ಲೆಕ್ಕದಲ್ಲಿ 30 ಡಿಗ್ರಿಯನ್ನು 35 ಮಾಡಿದರೆ, ಒಂದು ಹನಿ ಮಳೆ ಬೀಳದೆಯೇ ಮುಳ್ಳು 1.06ಕ್ಕೆ ಇಳಿಯುತ್ತದೆ. 45 ಮಾಡಿದರೆ 0.80. ಅಲ್ಲಿಗೆ ಕೆಲಸ ಮುಗಿಯಿತು.

ಇಲ್ಲಿ ಬಳಕೆದಾರರು ಮಾಮೂಲಾಗಿ ಒಂದು ಪ್ರಶ್ನೆ ಕೇಳುತ್ತಾರೆ: “ಸಾರ್, ನಾವು ಕಡಿದದ್ದು 45 ಅಲ್ಲ, ನೆಟ್ಟಗೆ ಗೋಡೆ ಥರ ಕಡಿದಿದ್ದೇವೆ, ಡಿಸೆಂಬರಿನಿಂದ ಒಂದು ಹಿಡಿ ಮಣ್ಣೂ ಬಿದ್ದಿಲ್ಲವಲ್ಲ?” ಒಳ್ಳೆಯ ಪ್ರಶ್ನೆ. ಉತ್ತರ ಎರಡನೇ ತಿರುಪಿನಲ್ಲಿದೆ. ಅದು ಗೊತ್ತಿಲ್ಲದ್ದರಿಂದಲೇ ನಮ್ಮ ಘಟ್ಟದ ರಸ್ತೆಗಳ ಧರೆಗಳು ಅಷ್ಟು ಚೆಂದವಾಗಿ, ಅಷ್ಟು ನೆಟ್ಟಗೆ ಇವೆ.

ಎರಡನೇ ತಿರುಪು: ಅಂಟು

ಮಣ್ಣಿನ ಅಂಟಿನಲ್ಲಿ ಕಾಯಂ ನೌಕರ ಒಬ್ಬ, ಹಂಗಾಮಿ ಒಬ್ಬ. ಕಾಯಂ ಆದದ್ದು ಜೇಡಿಯ ಕಣಗಳದು, ಕಬ್ಬಿಣದ ಅಂಶ ಬೆಸೆದದ್ದು, ಇದು ಕಮ್ಮಿ. ಹಂಗಾಮಿಯದು ನೀರಿನ ಎಳೆತ. ಅರೆಬರೆ ಒಣಗಿದ ಮಣ್ಣಿನಲ್ಲಿ ಕಣಗಳ ಸಂದಿಯಲ್ಲಿ ಉಳಿದ ತೆಳು ನೀರು ಅಕ್ಕಪಕ್ಕದ ಕಣಗಳನ್ನು ತನ್ನತ್ತ ಎಳೆದು ಹಿಡಿದಿರುತ್ತದೆ. ಈ ಎಳೆತದಿಂದ ಮಣ್ಣಿಗೆ ಇಲ್ಲದ ಗಟ್ಟಿತನ ಬರುತ್ತದೆ, ಜನವರಿಯಲ್ಲಿ ಸಿಕ್ಕಾಪಟ್ಟೆ ಬರುತ್ತದೆ. ಸಂದಿಗಳು ನೀರಿನಿಂದ ತುಂಬಿಕೊಂಡ ಕ್ಷಣಕ್ಕೆ ಪೂರ್ತಿ ಹೊರಟುಹೋಗುತ್ತದೆ.

ನೆಟ್ಟಗೆ ಕಡಿದ ಧರೆ ಆಸರೆಯಿಲ್ಲದೆ ಎಷ್ಟು ಎತ್ತರಕ್ಕೆ ನಿಲ್ಲಬಹುದು ಎಂಬುದಕ್ಕೆ ಹಳೆಯ ಸೂತ್ರವೊಂದಿದೆ. ಬೇಸಿಗೆಯಲ್ಲಿ ಎರಡೂ ಅಂಟು ಸೇರಿ 20 ಕಿಲೋಪ್ಯಾಸ್ಕಲ್ ಎಂದಿಟ್ಟುಕೊಳ್ಳಿ. ಫೈ 30, ತೂಕ 18. ಉತ್ತರ 7.7 ಮೀಟರ್, ಎರಡಂತಸ್ತಿನ ಮನೆಗಿಂತ ಎತ್ತರ. ಗುತ್ತಿಗೆದಾರ ಅದರ ಕೆಳಗೆ ಚೇರು ಹಾಕಿ ಕೂತು ಟೀ ಕುಡಿಯಬಹುದು, ಕುಡಿಯುತ್ತಾನೆ ಕೂಡ. ಮಳೆ ಹಿಡಿದ ಮೇಲೆ ಹಂಗಾಮಿ ಅಂಟು ಹೋಗಿ 4 ಉಳಿಯಿತು ಎನ್ನಿ. ಅದೇ ಸೂತ್ರ, ಅದೇ ಗುಡ್ಡ, ಈಗ ಉತ್ತರ 1.5 ಮೀಟರ್. ಬಾಕಿ ಆರು ಮೀಟರನ್ನು ಏನು ಹಿಡಿದಿಟ್ಟಿದೆ ಎಂದು ಕೇಳಿದರೆ ಸೂತ್ರದ ಬಳಿ ಉತ್ತರವಿಲ್ಲ. ಜುಲೈ ಬಳಿ ಇದೆ.

ಆದ್ದರಿಂದ ಗುಡ್ಡ ಜಾರಿಸಬಯಸುವವರು ಕಡಿಯುವ ಕೆಲಸವನ್ನು ತಪ್ಪದೆ ಬೇಸಿಗೆಯಲ್ಲೇ ಮಾಡಬೇಕು, ಬಿಲ್ಲನ್ನು ಮಾರ್ಚ್ 31ರೊಳಗೆ ಪಾಸು ಮಾಡಿಸಿಕೊಳ್ಳಬೇಕು. ಎರಡಕ್ಕೂ ನಮ್ಮ ಆರ್ಥಿಕ ವರ್ಷ ಹೇಳಿ ಮಾಡಿಸಿದಂತಿದೆ.

ಅಂಟಿನ ಇನ್ನೊಂದು ಮೂಲ ಬೇರು. ಮರದ ಬೇರುಗಳು ಮಣ್ಣಿಗೆ ಕೆಲವು ಕಿಲೋಪ್ಯಾಸ್ಕಲ್ ಸೇರಿಸುತ್ತವೆ. ಕೇಳಲು ಅಲ್ಪ. ನಮ್ಮ ಗುಡ್ಡದಲ್ಲಿ ಪದರದ ಅರ್ಧದವರೆಗೆ ನೀರು ಏರಿತೆನ್ನಿ. ಬೇರಿಲ್ಲದೆ ಮುಳ್ಳು 0.98, ಬೇರಿನಿಂದ 3 ಕಿಲೋಪ್ಯಾಸ್ಕಲ್ ಸಿಕ್ಕರೆ 1.18. ಒಂದು ಊರಿರುವುದಕ್ಕೂ ಇಲ್ಲದಿರುವುದಕ್ಕೂ ಇಷ್ಟೇ ವ್ಯತ್ಯಾಸ. ಮರ ಕಡಿದ ವರ್ಷವೇ ಫಲಿತಾಂಶ ನಿರೀಕ್ಷಿಸಬೇಡಿ. ಬುಡದ ಬೇರು ನೆಲದೊಳಗೆ ಕೊಳೆತು ಹಿಡಿತ ಬಿಡಲು ಕೆಲವು ವರ್ಷ ಬೇಕು. ಅಷ್ಟರಲ್ಲಿ ಕಡಿದವರು ಯಾರೆಂಬುದು ಮರೆತಿರುತ್ತದೆ, ಇದು ಬಳಕೆದಾರರಿಗೆ ಸಿಗುವ ಹೆಚ್ಚುವರಿ ಅನುಕೂಲ. ಎಲ್ಲ ಕುಸಿತವನ್ನೂ ಮರ ತಡೆಯುತ್ತದೆ ಎಂದುಕೊಂಡವರಿಗೂ ಒಂದು ಮಾತು: ಬೇರು ಹೆಚ್ಚಾಗಿ ಮೇಲಿನ ಒಂದೆರಡು ಮೀಟರಿನ ಸರಕು. ಹತ್ತು ಮೀಟರ್ ಆಳದಲ್ಲಿ ಜಾರುವ ಗುಡ್ಡ ಕಾಡನ್ನು ಹೊತ್ತುಕೊಂಡೇ ಇಳಿಯುತ್ತದೆ.

ಮೂರನೇ ತಿರುಪು: ಫೈ

ಅಂಟು ಒಂದು, ಉಜ್ಜಾಟ ಇನ್ನೊಂದು ಎಂದು ಮಣ್ಣಿನ ಬಲವನ್ನು ಎರಡಾಗಿ ಒಡೆದು ತೋರಿಸಿದವನು ಕುಲೋಂ. ಮಾರ್ಟಿನೀಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿ ವಾಪಸಾದ ಈ ಫ್ರೆಂಚ್ ಮಿಲಿಟರಿ ಎಂಜಿನಿಯರ್ 1773ರಲ್ಲಿ ಪ್ಯಾರಿಸ್‌ನ ಅಕಾಡೆಮಿಯ ಮುಂದೆ ಮಂಡಿಸಿದ ಪ್ರಬಂಧ ಇವತ್ತಿಗೂ ಪ್ರತಿ ಸಾಯಿಲ್ ರಿಪೋರ್ಟಿನ ತಳಪಾಯ.

ನಿಜ ಹೇಳಬೇಕೆಂದರೆ ಫೈ ಅನ್ನು ಗುಡ್ಡದಲ್ಲಿ ತಿರುಗಿಸುವುದು ಕಷ್ಟ. ಕಾಗದದಲ್ಲಿ ಸುಲಭ. ಪ್ರಯೋಗಾಲಯದಲ್ಲಿ ಕತ್ತರಿ ಪೆಟ್ಟಿಗೆ ಎಂಬುದೊಂದಿರುತ್ತದೆ, 60 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ಹಿತ್ತಾಳೆಯ ಎರಡು ಅರ್ಧ ಚೌಕಟ್ಟು, ಒಂದರ ಮೇಲೊಂದು. ಒಳಗೆ ಮಣ್ಣು ತುಂಬಿ, ಮೇಲೆ ಭಾರವಿಟ್ಟು, ಕೆಳಗಿನ ಅರ್ಧವನ್ನು ಮೆಲ್ಲಗೆ ತಳ್ಳುತ್ತಾರೆ. ಡಯಲಿನ ಮುಳ್ಳು ಏರುತ್ತ ಏರುತ್ತ ಒಂದು ಕಡೆ ನಿಲ್ಲುತ್ತದೆ, ಸಹಾಯಕ ಹುಡುಗ ಅದನ್ನು ಬರೆದುಕೊಳ್ಳುತ್ತಾನೆ. ಮಣ್ಣು ಪೆಟ್ಟಿಗೆಗೆ ಹೋಗುವ ಮೊದಲು 4.75 ಮಿಲಿಮೀಟರಿನ ಜರಡಿ ಹಿಡಿದು ಕಲ್ಲುಗಳನ್ನು ತೆಗೆದಿರುತ್ತಾರೆ, ಯಾಕೆಂದರೆ ಅಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಕಲ್ಲಿದ್ದರೆ ಫಲಿತಾಂಶ ಕೆಡುತ್ತದೆ. ನಾಳೆ ಲಾರಿ ಗಾತ್ರದ ಬಂಡೆಗಳನ್ನು ಉರುಳಿಸಿಕೊಂಡು ಬರಲಿರುವ ಗುಡ್ಡದ ಸ್ವಭಾವವನ್ನು ನಾವು ತಿಳಿದುಕೊಳ್ಳುವುದು ಅದರೊಳಗಿನ ಕಲ್ಲುಗಳನ್ನೆಲ್ಲ ಹೆಕ್ಕಿ ಬಿಸಾಕಿದ ಮೇಲೆ, ಅಂಗೈಯಗಲದ ತುಣುಕಿನಿಂದ. ಇದರಲ್ಲಿ ಹುಡುಗನ ತಪ್ಪೇನಿಲ್ಲ, ಪೆಟ್ಟಿಗೆಯ ತಪ್ಪೂ ಇಲ್ಲ. ಒಂದು ಕಿಲೋಮೀಟರ್ ಗುಡ್ಡಕ್ಕೆ ಮೂರು ಮಾದರಿ ತಂದುಕೊಟ್ಟವರನ್ನು ಕೇಳಬೇಕು.

ಅದಕ್ಕೂ ಬಜೆಟ್ ಇಲ್ಲದಿದ್ದರೆ ಫೈ ಕಾಲಂನಲ್ಲಿ 30 ಎಂದು ಬರೆಯಿರಿ. ಯಾರೂ ಪ್ರಶ್ನಿಸುವುದಿಲ್ಲ. ಈ ಕೈಪಿಡಿಯೂ ಅದನ್ನೇ ಬರೆದಿದೆ, ಗಮನಿಸಿರಬಹುದು.

ನಾಲ್ಕನೇ ತಿರುಪು: ನೀರು

ಇದು ಮುಖ್ಯ ಸ್ವಿಚ್. ಉಳಿದ ನಾಲ್ಕನ್ನು ಮುಟ್ಟದೆ ಇದೊಂದನ್ನೇ ತಿರುಗಿಸಿ ಗುಡ್ಡ ಜಾರಿಸಬಹುದು.

ನೀರು ಬಿದ್ದರೆ ಮಣ್ಣು ನೆನೆದು ಭಾರವಾಗಿ ಜಾರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಭಾರದ ಪಾಲು ಚಿಕ್ಕದು. ಅಸಲು ಕೆಲಸ ಒತ್ತಡದ್ದು. ಮಣ್ಣಿನ ಸಂದಿಗಳಲ್ಲಿ ತುಂಬಿದ ನೀರು ಕಣಗಳನ್ನು ಒಳಗಿನಿಂದ ಎತ್ತಿ ಹಿಡಿಯುತ್ತದೆ. ಎತ್ತಿ ಹಿಡಿದಷ್ಟೂ ಕಣಗಳು ಒಂದನ್ನೊಂದು ಒತ್ತುವುದು ಕಮ್ಮಿ, ಒತ್ತು ಕಮ್ಮಿಯಾದರೆ ಉಜ್ಜಾಟವೂ ಕಮ್ಮಿ. ಮಣ್ಣಿನ ಬಲ ಅದರ ಮೇಲಿನ ಒಟ್ಟು ಭಾರವನ್ನಲ್ಲ, ನೀರಿನ ಒತ್ತಡ ಕಳೆದು ಉಳಿದ ಭಾರವನ್ನು ಅವಲಂಬಿಸಿದೆ. ಇದನ್ನು 1920ರ ದಶಕದಲ್ಲಿ ಸ್ಪಷ್ಟವಾಗಿ ಹೇಳಿದವರು ಕಾರ್ಲ್ ಟೆರ್ಜಾಘಿ. ಭೂತಂತ್ರಜ್ಞಾನ ಒಂದು ಶಾಸ್ತ್ರವಾಗಿ ನಿಂತದ್ದೇ ಈ ಒಂದು ಕಳೆಯುವ ಲೆಕ್ಕದ ಮೇಲೆ.

ನಮ್ಮ 2 ಮೀಟರ್ ಪದರದಲ್ಲಿ ತಳದಿಂದ ನೀರು ಏರುತ್ತ ಬರಲಿ. 94 ಸೆಂಟಿಮೀಟರಿಗೆ ಬಂದಾಗ ಮುಳ್ಳು ಸರಿಯಾಗಿ ಒಂದನ್ನು ಮುಟ್ಟುತ್ತದೆ. ನೆಲದ ಮಟ್ಟಕ್ಕೆ ಬಂದರೆ 0.71. ಸಿ, ಫೈ, ಇಳಿಜಾರು ಯಾವುದನ್ನೂ ಯಾರೂ ಮುಟ್ಟಿಲ್ಲ. ಇಷ್ಟು ನಿರ್ಣಾಯಕವಾದ ಅಂಕಿಯನ್ನು ಅಳೆಯಲು ಪೀಜೋಮೀಟರ್ ಎಂಬ ಸಾಧಾರಣ ಉಪಕರಣ ಸಾಕು, ಒಂದು ರಂಧ್ರ ಕೊರೆದು ಇಳಿಸಿದರಾಯಿತು. ಮುನ್ನಾರಿನಲ್ಲಿ ಅಮೃತಾ ವಿಶ್ವವಿದ್ಯಾಲಯದವರು ಇಂಥವನ್ನು ನೆಲದೊಳಗಿಟ್ಟು ಮುನ್ನೆಚ್ಚರಿಕೆ ವ್ಯವಸ್ಥೆ ಮಾಡಿ ತೋರಿಸಿದ್ದಾರೆ. ನಿಮ್ಮ ಗುಡ್ಡದಲ್ಲಿ ಒಂದೂ ಇಲ್ಲದಿರುವುದನ್ನು ಖಾತರಿ ಮಾಡಿಕೊಳ್ಳಿ. ಇದ್ದರೆ ಅದು ಮೊದಲೇ ಕೂಗಿ ಆಟ ಕೆಡಿಸುತ್ತದೆ.

ಗುಡ್ಡದೊಳಗೆ ನೀರು ತುಂಬಿಸುವ ದಾರಿಗಳು ಹಲವು. ಮೇಲ್ಭಾಗದ ಚರಂಡಿ ಮುಚ್ಚಿಹೋಗಲು ಬಿಡುವುದು. ಹಳ್ಳದ ದಾರಿಗೆ ಅಡ್ಡ ಮಣ್ಣು ಸುರಿದು ಸೈಟ್ ಮಾಡುವುದು. ಎರಡು ಮೋರಿ ಬೇಕಾದಲ್ಲಿ ಒಂದು ಹಾಕಿ, ರಸ್ತೆಯ ನೀರೆಲ್ಲ ಒಂದೇ ತಿರುವಿನಲ್ಲಿ ಕೆಳಗಿನವರ ತೋಟಕ್ಕೆ ಧುಮುಕುವಂತೆ ಮಾಡುವುದು. ಒಳ್ಳೆಯ ಮನಸ್ಸಿನವರಿಗೆ ಇಂಗುಗುಂಡಿ. ಬಯಲುಸೀಮೆಯಲ್ಲಿ ಇಂಗುಗುಂಡಿ ತೋಡುವುದು ಪುಣ್ಯದ ಕೆಲಸ, ಎರಡು ಮಾತಿಲ್ಲ. ಅದೇ ಪುಣ್ಯವನ್ನು ದಪ್ಪ ಮಣ್ಣಿನ ಕಡಿದಾದ ಗುಡ್ಡದ ನೆತ್ತಿಯ ಮೇಲೆ ಮಾಡಿದರೆ, ಹರಿದು ಹೋಗಬೇಕಾದ ನೀರು ನಿಂತು, ಜಾರುವ ಪದರದ ತಳಕ್ಕೇ ಇಳಿಯುತ್ತದೆ. ಬ್ರಹ್ಮಗಿರಿ ಕುಸಿದಾಗ ಅಲ್ಲಿ ತೋಡಿದ್ದ ಇಂಗುಗುಂಡಿಗಳ ಬಗ್ಗೆ ಕೊಡಗಿನಲ್ಲಿ ದೊಡ್ಡ ವಾದವೇ ನಡೆಯಿತು. ಒಂದು ಗುಂಡಿಯಿಂದ ಒಂದು ಗುಡ್ಡ ಬಿತ್ತೆಂದು ಹೇಳಲು ಈ ಕೈಪಿಡಿ ತಯಾರಿಲ್ಲ. ಆದರೆ ನೆಲ ಯಾವುದೆಂದು ನೋಡದೆ ಎಲ್ಲ ಕಡೆ ಒಂದೇ ಯೋಜನೆ ಜಾರಿ ಮಾಡುವ ಚಾಳಿ ಮಾತ್ರ ಈ ತಿರುಪಿಗೆ ಅಚ್ಚುಕಟ್ಟಾಗಿ ಕೂರುತ್ತದೆ.

ತಡೆಗೋಡೆ ಕಟ್ಟಿಯೂ ನೀರು ತುಂಬಿಸಬಹುದು. ಗೋಡೆಯ ಹಿಂದಿನ ನೀರು ಹೊರಬರಲೆಂದು ಅಲ್ಲಲ್ಲಿ ಪಿವಿಸಿ ಪೈಪಿನ ಕಿಂಡಿಗಳನ್ನು ಬಿಡುವುದು ಕ್ರಮ. ಘಾಟಿ ರಸ್ತೆಯೊಂದರ ಹೊಸ ಗೋಡೆಯ ಕಿಂಡಿಗಳಿಗೆ ನಾನೊಮ್ಮೆ ಕಡ್ಡಿ ಹಾಕಿ ನೋಡಿದೆ. ಮೊದಲನೆಯದರಲ್ಲಿ ಕಡ್ಡಿ ಗೇಣುದ್ದ ಹೋಗಿ ಸಿಮೆಂಟಿಗೆ ತಾಗಿತು. ಎರಡನೆಯದು ಒಳಮುಖಕ್ಕೆ ಇಳಿಜಾರಾಗಿತ್ತು, ರಸ್ತೆಯ ನೀರು ಗುಡ್ಡಕ್ಕೆ ಹೋಗುವಂತೆ. ಮೂರನೆಯದು ಕಿಂಡಿಯೇ ಅಲ್ಲ, ಪೈಪಿನ ತುಂಡನ್ನು ಗಾರೆಯಲ್ಲಿ ಮೆತ್ತಿ ಅಂಟಿಸಿದ್ದರು. ಕಡ್ಡಿ ತಾಗಿದ್ದಕ್ಕೆ ಅಲುಗಾಡಿತು. ಗೋಡೆಗೆ ಹಳದಿ ಕಪ್ಪು ಪಟ್ಟೆಯ ಬಣ್ಣ ಮಾತ್ರ ಎರಡು ಕೋಟ್ ಬಿದ್ದಿತ್ತು.

ಎಷ್ಟು ಮಳೆ ಬೇಕು? 1980ರಲ್ಲಿ ನೆಲ್ ಕೇನ್ ಎಂಬ ವಿಜ್ಞಾನಿ ಜಗತ್ತಿನ ಹಲವೆಡೆಯ ಕುಸಿತಗಳನ್ನು ಕಲೆಹಾಕಿ ಒಂದು ಹೊಸ್ತಿಲು ಗೆರೆ ಎಳೆದರು. ಆ ಸೂತ್ರದ ಪ್ರಕಾರ 24 ಗಂಟೆಯಲ್ಲಿ ಸುಮಾರು 103 ಮಿಲಿಮೀಟರ್ ಬಿದ್ದರೆ ಗುಡ್ಡ ಅಪಾಯದ ವಲಯಕ್ಕೆ ಬಂದಂತೆ. ಇದನ್ನು ಆಗುಂಬೆಯವರ ಮುಂದೆ ಓದಿದರೆ ನಕ್ಕು ಕೊಡೆ ತೆಗೆದುಕೊಂಡು ಪೇಟೆಗೆ ಹೋಗುತ್ತಾರೆ. ಅಲ್ಲಿ ಅದು ಆಷಾಢದ ಮಾಮೂಲು ದಿನ. ಮಲೆನಾಡಿನ ಗುಡ್ಡಗಳು ಮಳೆಗೆ ತಕ್ಕಂತೆ ತಮ್ಮ ಮೈಯನ್ನೂ ಹಳ್ಳಕೊಳ್ಳಗಳನ್ನೂ ಕೊರೆದುಕೊಂಡಿವೆ. ಹೊಸ್ತಿಲನ್ನು ಆಯಾ ಊರಲ್ಲೇ ಅಳೆಯಬೇಕು, ಹಿಂದಿನ ವಾರಗಳಲ್ಲಿ ನೆಲ ಎಷ್ಟು ಕುಡಿದಿದೆ ಎಂಬುದನ್ನೂ ಸೇರಿಸಿ. ಕೊಡಗಿನಲ್ಲಿ 2018ರ ಆಗಸ್ಟ್ ಮಳೆ ಬಿದ್ದದ್ದು ಜೂನ್‌ನಿಂದ ನೆನೆದು ನೆನೆದು ತುಂಬಿಹೋಗಿದ್ದ ನೆಲದ ಮೇಲೆ.

ಐದನೇ ತಿರುಪು: ಭಾರ ಮತ್ತು ಸಡಿಲು

ಮೇಲೆ ಭಾರ ಹೇರುವುದು ನಿಮಗೆ ಗೊತ್ತಿರುವುದೇ: ಕಾಂಕ್ರೀಟ್ ಕಟ್ಟಡ, ಈಜುಕೊಳ, ನೀರಿನ ಟ್ಯಾಂಕು. ಅದನ್ನು ವಿವರಿಸುವ ಅಗತ್ಯವಿಲ್ಲ.

ಸಡಿಲಿನದು ಹೆಚ್ಚು ಸ್ವಾರಸ್ಯ. ರಸ್ತೆಗೆಂದು ಕಡಿದ ಮಣ್ಣನ್ನು ದೂರ ಸಾಗಿಸಲು ಖರ್ಚು ಬರುತ್ತದೆ, ಆದ್ದರಿಂದ ಎದುರಿನ ಇಳಿಜಾರಿಗೇ ತಳ್ಳುತ್ತೇವೆ. ಹಾಗೆ ತಳ್ಳಿದ ಮಣ್ಣಿನಲ್ಲಿ ಸಂದಿಗಳು ಜಾಸ್ತಿ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆ ಆರೆಗಾನ್‌ನ ಕಾಡಿನಲ್ಲಿ 95 ಮೀಟರ್ ಉದ್ದ, 2 ಮೀಟರ್ ಅಗಲದ ಕಾಂಕ್ರೀಟ್ ಜಾರುಕಾಲುವೆ ಕಟ್ಟಿದೆ, ಇಳಿಜಾರು 31 ಡಿಗ್ರಿ. ಕೆಸರನ್ನೂ ಕಲ್ಲನ್ನೂ ಬಿಟ್ಟು ನೋಡಲೆಂದೇ. ರಿಚರ್ಡ್ ಐವರ್ಸನ್ ಮತ್ತು ಜತೆಗಾರರು ಅಲ್ಲಿ ಮಾಡಿ 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಮಣ್ಣು ಒಂದೇ, ನೀರು ಬಿಟ್ಟದ್ದೂ ಹಾಗೇ, ಸಡಿಲು ಮಾತ್ರ ಬೇರೆ. ಸ್ವಲ್ಪ ಒತ್ತಾಗಿ ಕೂತ ಮಣ್ಣು ತೆವಳುತ್ತ ನಿಲ್ಲುತ್ತ ಇಳಿಯಿತು. ಅರ್ಧದಷ್ಟು ಜಾಗ ಸಂದಿಯೇ ಆಗಿದ್ದ ಸಡಿಲ ಮಣ್ಣು ಒಂದು ಸೆಕೆಂಡಿನೊಳಗೆ ಸೆಕೆಂಡಿಗೆ ಒಂದು ಮೀಟರಿಗೂ ಮೀರಿದ ವೇಗಕ್ಕೆ ಹೋಯಿತು. ಕಾರಣ ಸರಳ. ಒತ್ತಾದ ಮಣ್ಣು ಜಾರಲು ಹಿಗ್ಗಬೇಕು, ಹಿಗ್ಗಿದಾಗ ನೀರಿನ ಒತ್ತಡ ಇಳಿದು ಬ್ರೇಕ್ ಬೀಳುತ್ತದೆ. ಸಡಿಲ ಮಣ್ಣು ಜಾರುತ್ತ ಕುಗ್ಗುತ್ತದೆ, ಕುಗ್ಗಿದಾಗ ಒತ್ತಡ ಏರಿ ಮಣ್ಣು ದ್ರವವಾಗುತ್ತದೆ. ರಸ್ತೆ ಬದಿ ತಳ್ಳಿದ ಮಣ್ಣು ಯಾವ ಜಾತಿಯದು ಎಂದು ಬಿಡಿಸಿ ಹೇಳಬೇಕಿಲ್ಲ.

ಎಚ್ಚರಿಕೆ ದೀಪಗಳು

ಜಾರುವ ಮೊದಲು ಸಾಧನ ಸೂಚನೆ ಕೊಡುತ್ತದೆ. ಗುಡ್ಡದ ಮೇಲ್ಭಾಗದಲ್ಲಿ ಬಿಲ್ಲಿನಾಕಾರದ ಬಿರುಕು. ನೆಟ್ಟಗಿದ್ದ ವಿದ್ಯುತ್ ಕಂಬ ಓರೆ. ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು. ಮಳೆ ಸುರಿಯುತ್ತಿರುವಾಗಲೇ ಹಳ್ಳದ ನೀರು ತಟ್ಟನೆ ಕಮ್ಮಿಯಾಗುವುದು ಅಥವಾ ಕೆಂಪಗಾಗುವುದು. ಮೇಲೆಲ್ಲೋ ಮಣ್ಣು ಹಳ್ಳಕ್ಕೆ ಜರಿದಿದೆ, ಇಲ್ಲವೇ ಹಳ್ಳವನ್ನು ಕಟ್ಟಿದೆ ಎಂದರ್ಥ. ಇವು ಕಂಡರೆ ತೋಟದ ಹಿರಿಯರು ಮಕ್ಕಳನ್ನೂ ದನಗಳನ್ನೂ ಹೊಡೆದುಕೊಂಡು ಆಚೆ ದಿಬ್ಬಕ್ಕೆ ಹೊರಟುಬಿಡುತ್ತಾರೆ. ಅವರನ್ನು ಅನುಸರಿಸಿ. ಬಿರುಕಿಗೆ ಜೇಡಿ ತುಂಬಿ ಟಾರ್ಪಾಲು ಹೊದಿಸಿದರೆ ಒಳಗೆ ಹೋಗುವ ನೀರು ಕಮ್ಮಿಯಾಗುತ್ತದೆ, ಅದನ್ನು ಬಿಸಿಲಿದ್ದಾಗ ಮಾಡಿ. ಮಳೆ ಸುರಿಯುವ ರಾತ್ರಿ ಬಿರುಕಿನ ಬಳಿ ಹೋಗಬೇಡಿ. ಈ ಕಂಡಿಕೆಯಲ್ಲಿ ಮಾತ್ರ ಕೈಪಿಡಿ ಹೇಳಿದ್ದನ್ನು ಹೇಳಿದ ಹಾಗೇ ಮಾಡತಕ್ಕದ್ದು.

ಹೊರಟ ಮೇಲೆ: ಹರಿವಿನ ಭಾಗ

ಜರಿದ ಮಣ್ಣು ಹಳ್ಳಕ್ಕೆ ಬಿದ್ದು ನೀರು ಸೇರಿಸಿಕೊಂಡರೆ ಅದು ಕುಸಿತವಾಗಿ ಉಳಿಯುವುದಿಲ್ಲ, ಹರಿವಾಗುತ್ತದೆ. ಮಿಕ್ಸರಿನಿಂದ ಆಗಷ್ಟೇ ಸುರಿದ ಕಾಂಕ್ರೀಟಿನ ಹದ; ಸಾಂದ್ರತೆ ನೀರಿನ ಸುಮಾರು ಎರಡರಷ್ಟು. ದೊಡ್ಡ ಬಂಡೆಗಳು ಮೇಲೆದ್ದು ಮುಂಚೂಣಿಗೆ ಬರುತ್ತವೆ, ಹಿಂದಿನಿಂದ ತೆಳು ಕೆಸರು ಅವನ್ನು ತಳ್ಳುತ್ತದೆ. ದಾರಿಯುದ್ದಕ್ಕೂ ಹಳ್ಳದ ತಳವನ್ನು ಕೆರೆದು ನುಂಗುತ್ತ ಹೋಗುವುದರಿಂದ, ಮೇಲೆ ಹೊರಟದ್ದಕ್ಕಿಂತ ಕೆಳಗೆ ಮುಟ್ಟುವುದು ಎಷ್ಟೋ ಪಾಲು ಹೆಚ್ಚು. ವಯನಾಡಿನಲ್ಲಿ 48 ಗಂಟೆಗಳಲ್ಲಿ 572 ಮಿಲಿಮೀಟರ್ ಮಳೆ ವರದಿಯಾಗಿತ್ತು. ಇಸ್ರೋ ಉಪಗ್ರಹ ಚಿತ್ರಗಳ ಪ್ರಕಾರ ಸಮುದ್ರಮಟ್ಟದಿಂದ 1,550 ಮೀಟರ್ ಎತ್ತರದಲ್ಲಿ ಸುಮಾರು 86,000 ಚದರ ಮೀಟರ್ ನೆಲ ಜಾರಿ, ಅವಶೇಷ ಸುಮಾರು 8 ಕಿಲೋಮೀಟರ್ ಹರಿಯಿತು. ಮೇಲೆ ಕುಸಿದ ಜಾಗದ ಹೆಸರೂ ಕೇಳಿರದವರು ಕೆಳಗೆ ಮಲಗಿದ್ದರು.

ಹೀಗಾಗಿ ಅಪಾಯ ವಲಯದ ನಕ್ಷೆ ಬರೆಯುವವರು ಹರಿವು ಎಲ್ಲಿ ನಿಲ್ಲುತ್ತದೆ ಎಂದು ಹೇಳಬೇಕು. ಅದಕ್ಕೆ ಸಾಫ್ಟ್‌ವೇರ್‌ಗಳಿವೆ. ಸ್ವಿಟ್ಜರ್ಲೆಂಡಿನ ರಾಮ್ಸ್ ಅವುಗಳಲ್ಲಿ ಹೆಸರಾದದ್ದು. ಅದರ ಹೊಟ್ಟೆಯಲ್ಲಿರುವುದು ವೋಲ್ಮಿ ಎಂಬ ಸ್ವಿಸ್ ಎಂಜಿನಿಯರ್ 1955ರಲ್ಲಿ ಹಿಮಪಾತಕ್ಕೆಂದು ಬರೆದ ಸೂತ್ರ. ಆಲ್ಪ್ಸ್‌ನ ಹಿಮಕ್ಕೆ ಹೊಲಿದ ಅಂಗಿಯನ್ನು ನಮ್ಮ ಕೆಂಪು ಕೆಸರಿಗೆ ತೊಡಿಸುವಾಗ ಎರಡು ಗುಂಡಿ ಸರಿಮಾಡಿಕೊಳ್ಳಬೇಕು. ಒಂದು ‘ಮ್ಯೂ’, ನೆಲದ ಜತೆಗಿನ ಉಜ್ಜಾಟ. ಇನ್ನೊಂದು ‘ಕ್ಸೈ’, ವೇಗ ಏರಿದಂತೆ ಹೆಚ್ಚುವ ತಡೆ. ಈ ಅಂಕಿ ದೊಡ್ಡದಾದಷ್ಟೂ ತಡೆ ಕಮ್ಮಿ.

ಇಳಿಜಾರು 15 ಡಿಗ್ರಿ, ಹರಿವಿನ ಆಳ 3 ಮೀಟರ್, ಕ್ಸೈ 200, ಮ್ಯೂ 0.1 ಎಂದು ಕೊಟ್ಟರೆ ವೇಗ ಗಂಟೆಗೆ 35 ಕಿಲೋಮೀಟರ್ ಚಿಲ್ಲರೆ ಬರುತ್ತದೆ. ಮ್ಯೂ 0.2 ಮಾಡಿ, 23ಕ್ಕೆ ಇಳಿಯುತ್ತದೆ. ವೇಗಕ್ಕಿಂತ ಮುಖ್ಯ ಸಂಗತಿ ಬೇರೆ. ಮ್ಯೂ 0.1 ಎಂದರೆ ಹರಿವು ನಿಲ್ಲತೊಡಗುವುದು ಇಳಿಜಾರು ಸುಮಾರು 6 ಡಿಗ್ರಿಗಿಂತ ಕಮ್ಮಿಯಾದ ಮೇಲೆ, ಅಂದರೆ ಗದ್ದೆಬಯಲಿಗೆ ಬಂದ ಮೇಲೆ. ಮ್ಯೂ 0.2 ಎಂದರೆ 11 ಡಿಗ್ರಿಯಲ್ಲೇ. ಆ 11ಕ್ಕೂ 6ಕ್ಕೂ ನಡುವಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಊರೇ ಇರುತ್ತದೆ. ನಿಮ್ಮ ಲೇಔಟ್ ಅಲ್ಲಿದ್ದರೆ ಯಾವ ಮ್ಯೂ ಆರಿಸಬೇಕು ಎಂದು ಹೇಳಿಕೊಡುವ ಅಗತ್ಯವಿಲ್ಲ. ಎರಡೂ ಅಂಕಿಗಳು ಪುಸ್ತಕದಲ್ಲಿವೆ, ಎರಡಕ್ಕೂ ಆಧಾರ ತೋರಿಸಬಹುದು. ಪರದೆಯ ಮೇಲೆ ಕೆಂಪು ಬಣ್ಣ ನಿಮ್ಮ ಬೇಲಿಗಿಂತ ಹತ್ತು ಮೀಟರ್ ಮೇಲೆ ನಿಂತಿರುವ ಚಿತ್ರವನ್ನು ಕಲರ್ ಪ್ರಿಂಟ್ ತೆಗೆಸಿ ಬ್ರೋಶರಿಗೆ ಹಾಕಿ. ಪ್ರಾಮಾಣಿಕ ಮಾದರಿಕಾರ ಒಂದು ಗೆರೆ ಕೊಡುವುದಿಲ್ಲ, ಅಂಕಿ ಬದಲಿಸಿ ಬದಲಿಸಿ ಓಡಿಸಿ ಒಂದು ಪಟ್ಟೆ ಕೊಡುತ್ತಾನೆ. ಪಟ್ಟೆ ಬ್ರೋಶರಿಗೆ ಒಪ್ಪುವುದಿಲ್ಲ.

ಗುಡ್ಡದೆದುರು ನದಿಯಿದ್ದರೆ ಹರಿವು ಅಲ್ಲಿಗೆ ಮುಗಿಯುತ್ತದೆ ಎಂದು ತಿಳಿಯಬೇಡಿ. ಶಿರೂರಿನಲ್ಲಿ ಹೆದ್ದಾರಿ 66ಕ್ಕಾಗಿ ಬುಡ ಕಡಿದಿದ್ದ ಗುಡ್ಡ ರಸ್ತೆಯನ್ನೂ ಚಹದಂಗಡಿಯನ್ನೂ ದಾಟಿ ಗಂಗಾವಳಿಗೆ ಬಿದ್ದಾಗ, ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ನದಿಯ ತಳ ಸೇರಿದ್ದ ಲಾರಿಯೊಂದು ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಆಚೆ ದಡ ಯಾವ ನಕ್ಷೆಯ ಕೆಂಪಿನಲ್ಲೂ ಇರುವುದಿಲ್ಲ.

ಬಳಕೆಯ ನಂತರ

ಗುಡ್ಡ ಜಾರಿದ ಮೇಲೆ ತಜ್ಞರ ತಂಡ ಬಂದು ಹಿಮ್ಮುಖ ಲೆಕ್ಕ ಹಾಕುತ್ತದೆ. ಜಾರಿದ ಗಳಿಗೆಯಲ್ಲಿ ಮುಳ್ಳು ಒಂದು ತೋರಿಸಿರಲೇಬೇಕು, ಹಾಗಾದರೆ ಸಿ ಎಷ್ಟಿತ್ತು, ಫೈ ಎಷ್ಟಿತ್ತು? ಸಮೀಕರಣ ಒಂದು, ಅಜ್ಞಾತ ಎರಡು. ನಮ್ಮ ಗುಡ್ಡದಷ್ಟೇ ಇಳಿಜಾರಿನ, ಅಷ್ಟೇ ದಪ್ಪ ಪದರದ ಗುಡ್ಡವೊಂದು ನೀರು ತುಂಬಿ ಜಾರಿತೆನ್ನಿ, ಸಿ 8.5, ಫೈ 30 ಎಂದರೂ ಒಂದೇ ಬರುತ್ತದೆ, 5.3 ಮತ್ತು 40 ಎಂದರೂ ಒಂದೇ, 11.1 ಮತ್ತು 20 ಎಂದರೂ ಒಂದೇ. ನೀರು ಅರ್ಧವೇ ಇತ್ತೆಂದರೆ ಇನ್ನೊಂದು ಕಂತೆ ಉತ್ತರಗಳು. ಆ ರಾತ್ರಿ ಒಳಗಿನ ಒತ್ತಡ ಎಷ್ಟಿತ್ತೆಂದು ಯಾರೂ ಅಳೆದಿಲ್ಲವಾದ್ದರಿಂದ ಎಲ್ಲ ವರದಿಗಳೂ ಸರಿ. ‘ಅತಿವೃಷ್ಟಿಯೇ ಕಾರಣ’ ಎಂಬ ವರದಿ ಕೂಡ.

ಅದೇ ಗುಡ್ಡವನ್ನು ಮರುಬಳಕೆ ಮಾಡಬಹುದೇ ಎಂದು ಹಲವರು ಕೇಳಿದ್ದಾರೆ. ಮಾಡಬಹುದು, ಮೊದಲಿಗಿಂತ ಸುಲಭ. ಒಮ್ಮೆ ಜಾರಿದ ಜೇಡಿಯ ಮೈ ನುಣುಪಾಗಿ, ಕಣಗಳು ಜಾರುವ ದಿಕ್ಕಿಗೆ ಮಲಗಿ, ಫೈ ಇಳಿದಿರುತ್ತದೆ. ಅಂಟು ಹೆಚ್ಚುಕಮ್ಮಿ ಸೊನ್ನೆ. ವಯನಾಡಿನ ಕುಸಿತದ ನೆತ್ತಿಯಲ್ಲಿ ಹಿಂದೊಮ್ಮೆ ಜಾರಿದ್ದರ ಗುರುತು ಹಳೆಯ ಉಪಗ್ರಹ ಚಿತ್ರಗಳಲ್ಲಿ ಕಂಡಿತ್ತು. ಹೊಸ ಗುಡ್ಡ ಹುಡುಕುವ ಮೊದಲು ಹಳೆಯದನ್ನೇ ಪರಿಶೀಲಿಸಿ.

ರಸ್ತೆ ಬೇಗ ತೆರೆಯಲು ಒತ್ತಡ ಬರುತ್ತದೆ, ಹಿಟಾಚಿ ಬುಡದ ಮಣ್ಣನ್ನು ತೆಗೆಯತೊಡಗುತ್ತದೆ. ಮೇಲೆ ಉಳಿದ ಅರ್ಧ ಗುಡ್ಡವನ್ನು ಸದ್ಯಕ್ಕೆ ಹಿಡಿದಿರುವುದು ಆ ಬುಡದ ಮಣ್ಣೇ. ಆದರೂ ತೆಗೆಯಬೇಕಾಗುತ್ತದೆ, ಬಸ್ಸು ಹೋಗಬೇಕಲ್ಲ. ತೆಗೆದ ಮಣ್ಣನ್ನು ಎಲ್ಲಿ ಸುರಿಯಬೇಕು ಎಂಬುದಕ್ಕೆ ಐದನೇ ತಿರುಪು ನೋಡಿ.